ತೆಳುವಿನ ಲೆಕ್ಕ

ಕನ್ನಡದಲ್ಲಿ ನಾವು ಕೈಗಡಿಯಾರಕ್ಕೆ ಇವತ್ತಿಗೂ ‘ಕೀ ಕೊಡುತ್ತೇವೆ’. ಬಲಪಕ್ಕದ ಪುಟ್ಟ ಗುಂಡಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿರುವುತ್ತೇವೆ ಅಷ್ಟೆ; ಕೀ ಎನ್ನುವ ವಸ್ತು ಅಲ್ಲೆಲ್ಲೂ ಇಲ್ಲ. ಲೋಲಕದ ಗಡಿಯಾರ ತೂಗುಹಾಕಿದ್ದ ಮನೆಗಳಲ್ಲಿ ಅದರ ಕೀಯನ್ನು ಗಡಿಯಾರದ ಪೆಟ್ಟಿಗೆಯೊಳಗೇ ಇಟ್ಟಿರುತ್ತಿದ್ದರು. ಮಾತು ಗೋಡೆಯಿಂದ ಇಳಿದು ಮಣಿಕಟ್ಟಿಗೆ ಬಂದಿರಬೇಕು. ಜೇಬುಗಡಿಯಾರಕ್ಕೂ ಒಂದು ಕಾಲದಲ್ಲಿ ಬೇರೆಯೇ ಕೀ ಇತ್ತು, ಅದು ಆಗಾಗ ಕಳೆದುಹೋಗುತ್ತಲೂ ಇತ್ತು. 1840ರ ದಶಕದಲ್ಲಿ ಫ್ರಾನ್ಸಿನ ಆದ್ರಿಯಾನ್ ಫಿಲಿಪ್ ಗುಂಡಿಯಿಂದಲೇ ಕೀ ಕೊಡುವ ಏರ್ಪಾಡು ಮಾಡಿದ ಮೇಲೆ ಆ ತಾಪತ್ರಯ ತಪ್ಪಿತು. ಪಟೇಕ್ ಫಿಲಿಪ್ ಎಂಬ ಗಡಿಯಾರ ಕಂಪನಿಯ ಜೋಡಿ ಹೆಸರಿನ ಎರಡನೆಯ ಭಾಗ ಅವನದೇ.

2024ರಲ್ಲಿ ರಷ್ಯದ ಗಡಿಯಾರ ತಯಾರಕ ಕೊನ್‌ಸ್ತಾಂತಿನ್ ಚೈಕಿನ್ ಜಗತ್ತಿನ ಅತಿ ತೆಳುವಾದ ಯಾಂತ್ರಿಕ ಕೈಗಡಿಯಾರದ ಮಾದರಿಯೊಂದನ್ನು ತೋರಿಸಿದ. ಅದರಲ್ಲಿ ಆ ಗುಂಡಿಗೆ ಜಾಗವಿಲ್ಲ. ಅದಕ್ಕೆ ಮತ್ತೆ ಬೇರೆ ಕೀ ಬೇಕು! ಓದಿದಾಗ ನನಗೆ ಮೊದಲು ನಗು ಬಂತು. ನೂರೆಂಬತ್ತು ವರ್ಷ ಮುಂದೆ ನಡೆದು ಮತ್ತೆ ಹೊರಟಲ್ಲಿಗೇ ಬಂದಂತಾಯಿತಲ್ಲ ಎನ್ನಿಸಿತು. ಆಮೇಲೆ ಒಂದು ಪ್ರಶ್ನೆ ಹತ್ತಿಕೊಂಡಿತು. ತೆಳ್ಳನೆಯ ಗಡಿಯಾರದಲ್ಲಿ ಇಷ್ಟೊಂದು ಜನರಿಗೆ, ನನಗೂ ಸೇರಿ, ಕಾಣುವ ಚೆಲುವಾದರೂ ಯಾವುದು? ಅದು ಎಷ್ಟು ತೆಳ್ಳಗಾಗುವ ತನಕ ಚೆಲುವು?

ಚೈಕಿನ್ನನ ಗಡಿಯಾರದ ಒಟ್ಟು ದಪ್ಪ 1.65 ಮಿಲಿಮೀಟರ್. ನಮ್ಮ ಜೇಬಿನ ಎಟಿಎಂ ಕಾರ್ಡಿನ ದಪ್ಪ 0.76. ಎರಡು ಕಾರ್ಡು ಒಂದರ ಮೇಲೊಂದಿಟ್ಟು ಮೇಲೊಂದು ಹಾಳೆ ಕಾಗದ ಹಾಸಿದರೆ ಹೆಚ್ಚುಕಡಿಮೆ ಅಷ್ಟಾಯಿತು. ಅಷ್ಟರೊಳಗೆ ಹಿಂಬದಿಯ ಮುಚ್ಚಳ, ಸುರುಳಿ ಸುತ್ತಿದ ಸ್ಪ್ರಿಂಗು, ಹಲ್ಲುಚಕ್ರಗಳ ಸಾಲು, ಎಡಕ್ಕೂ ಬಲಕ್ಕೂ ತೂಗಾಡುವ ಬ್ಯಾಲೆನ್ಸ್ ಚಕ್ರ, ಮುಳ್ಳುಗಳು, ಮೇಲಿನ ಗಾಜು ಎಲ್ಲವೂ ಇವೆ. ಬ್ಯಾಟರಿ ಇಲ್ಲ. ಸುತ್ತಿದ ಉಕ್ಕಿನ ಪಟ್ಟಿ ಬಿಚ್ಚಿಕೊಳ್ಳುವ ಬಲವೊಂದರಿಂದಲೇ ಇದೆಲ್ಲ ನಡೆಯಬೇಕು.

ಗಡಿಯಾರವನ್ನು ತೆಳ್ಳಗೆ ಮಾಡುವುದೆಂದರೆ ಎಲ್ಲ ಬಿಡಿಭಾಗಗಳನ್ನೂ ಉಜ್ಜಿ ಸವೆಸುವುದಲ್ಲವೇ ಎಂದು ಯಾರಿಗಾದರೂ ಅನ್ನಿಸಬಹುದು. ಉಜ್ಜುವುದೇನೋ ನಿಜ, ಆದರೆ ಒಂದು ಕಡೆ ಉಜ್ಜಿದ್ದು ಇನ್ನೊಂದು ಕಡೆ ಕೈಕೊಡುತ್ತದೆ. ಸ್ಪ್ರಿಂಗಿನ ಪಟ್ಟಿಯ ಅಗಲವನ್ನು ಅರ್ಧಕ್ಕಿಳಿಸಿದರೆ ಅದರ ಬಲವೂ ಅರ್ಧಕ್ಕಿಳಿಯುತ್ತದೆ. ಬಲ ಕಡಿಮೆಯಾದರೆ ಬ್ಯಾಲೆನ್ಸ್ ಚಕ್ರವೂ ಹಗುರಾಗಬೇಕು. ಹಗುರ ಚಕ್ರ ಕೈ ಬೀಸಿದಾಗ, ಗಡಿಯಾರವನ್ನು ಮಗುಚಿ ಇಟ್ಟಾಗ, ಸುಲಭವಾಗಿ ಲಯ ತಪ್ಪುತ್ತದೆ. ಹಳೆಯ ಕೈಗಡಿಯಾರಗಳಲ್ಲಿ ಅದು ಗಂಟೆಗೆ 18,000 ಸಲ ಟಿಕ್ಕೆನ್ನುತ್ತಿತ್ತು. ದಿನಕ್ಕೆ 4,32,000 ಸಲ ಆಯಿತು. ಒಂದೊಂದು ಟಿಕ್ಕಿನಲ್ಲೂ ಕೂದಲೆಳೆಯಷ್ಟು ತಪ್ಪಿದರೆ ಸಂಜೆಯ ಹೊತ್ತಿಗೆ ಬಸ್ಸು ತಪ್ಪುತ್ತದೆ.

ಇದಕ್ಕಿಂತ ಕಷ್ಟದ್ದು ಖಾಲಿ ಜಾಗದ ವಿಚಾರ. ಪ್ರತಿ ಚಕ್ರದ ಅಚ್ಚಿನ ತುದಿಗೂ ಮೇಲೆ ಕೆಳಗೆ ಒಂದಿಷ್ಟು ಸಡಿಲ ಇರಲೇಬೇಕು. ಬಿಗಿಯಾದರೆ ಚಕ್ರ ತಿರುಗದು, ಸಡಿಲ ಹೆಚ್ಚಾದರೆ ಓಲಾಡೀತು. ದಪ್ಪ ಗಡಿಯಾರದಲ್ಲಿ ಈ ಸಡಿಲವನ್ನು ಕಾಪಾಡುವುದು ದೊಡ್ಡ ಮಾತಲ್ಲ. ತೆಳುವಾದದ್ದರಲ್ಲಿ ಅಡಿಯ ಲೋಹದ ತಗಡೇ ಎಷ್ಟು ತೆಳ್ಳಗಾಗಿರುತ್ತದೆಂದರೆ, ಕೈಗೆ ಪಟ್ಟಿಯನ್ನು ಬಿಗಿದು ಕಟ್ಟಿದರೂ ಅದು ತುಸು ಬಾಗುತ್ತದೆ. ಆ ಬಾಗು ಸಡಿಲವನ್ನು ನುಂಗಿಬಿಟ್ಟರೆ ಗಡಿಯಾರ ನಿಂತಿತು. ಅಂಚಿನವರೆಗೂ ಹೂರಣ ತುಂಬಿ ತಟ್ಟಿದ ತೆಳ್ಳನೆಯ ಹೋಳಿಗೆಯನ್ನು ಹರಿಯದಂತೆ ಕಾವಲಿಗೆ ಹಾಕುವ ಕೈಯನ್ನು ನಾವು ಮೆಚ್ಚುತ್ತೇವಲ್ಲ, ಅದು ಬರೀ ತೆಳುವಿನ ಮೆಚ್ಚುಗೆಯಲ್ಲ. ಹಪ್ಪಳ ಇನ್ನೂ ತೆಳು, ಅದನ್ನು ಯಾರೂ ಹಾಗೆ ಹೊಗಳುವುದಿಲ್ಲ. ಒಳಗೆ ಹೂರಣವಿದೆ, ಅದು ಈಚೆ ಬಂದಿಲ್ಲ ಎನ್ನುವುದು ಅಲ್ಲಿಯ ಬೆರಗು.

ಈ ಹೋಲಿಕೆಯನ್ನು ಎಳೆದು ತಂದದ್ದಕ್ಕೆ ಕಾರಣವಿದೆ. ತೆಳುವೇ ಮುಖ್ಯವಾಗಿದ್ದರೆ ಯಾಂತ್ರಿಕ ಗಡಿಯಾರದ ಕತೆ ಎಂದೋ ಮುಗಿಯಬೇಕಿತ್ತು. 1969ರ ಡಿಸೆಂಬರಿನಲ್ಲಿ ಜಪಾನಿನ ಸೀಕೊ ಕಂಪನಿ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಹತ್ತೇ ವರ್ಷದಲ್ಲಿ, 1979ರ ಜನವರಿಯಲ್ಲಿ, ಸ್ವಿಸ್ಸರು ಕಾನ್‌ಕಾರ್ಡ್ ಡೆಲಿರಿಯಂ ಎಂಬ ಕ್ವಾರ್ಟ್ಜ್ ಗಡಿಯಾರ ತೋರಿಸಿದರು. ಅದರ ಒಟ್ಟು ದಪ್ಪ 1.98 ಮಿ.ಮೀ. ಸ್ವಲ್ಪದರಲ್ಲೇ ಅದರ ತಮ್ಮಂದಿರು ಒಂದು ಮಿಲಿಮೀಟರಿನಿಂದಲೂ ಕೆಳಗಿಳಿದರು. ನಮ್ಮ ಪಕ್ಕದಲ್ಲೇ ಇನ್ನೊಂದು ಉದಾಹರಣೆ ಇದೆ. ಬೆಂಗಳೂರಿನಲ್ಲಿ ಮುಖ್ಯ ಕಚೇರಿ, ಹೊಸೂರಿನಲ್ಲಿ ಕಾರ್ಖಾನೆ ಇರುವ ಟೈಟನ್ 2002ರಲ್ಲಿ ಎಡ್ಜ್ ಎಂಬ ಗಡಿಯಾರ ಹೊರತಂದಿತು. 1.15 ಮಿ.ಮೀ. ದಪ್ಪದ ಕ್ವಾರ್ಟ್ಜ್ ಯಂತ್ರ, ಒಟ್ಟು 3.5 ಮಿ.ಮೀ. ದಪ್ಪದ ಗಡಿಯಾರ. ಯಂತ್ರಶಿಲ್ಪದ ದೃಷ್ಟಿಯಿಂದ ಅದು ಮೆಚ್ಚತಕ್ಕ ಕೆಲಸವೇ, ಮಧ್ಯಮ ವರ್ಗದ ಉದ್ಯೋಗಸ್ಥ ಕೊಳ್ಳಬಹುದಾದ ಬೆಲೆಯದು ಬೇರೆ. ಆದರೂ ತೆಳ್ಳನೆಯ ಗಡಿಯಾರಗಳನ್ನು ಜತನದಿಂದ ಕೂಡಿಡುವವರ ಪೆಟ್ಟಿಗೆಯಲ್ಲಿ ಎಡ್ಜ್ ಸಿಗುವುದು ಅಪರೂಪ. 1957ರ ಪಿಯಾಜೆ ಎಂಬ ಸ್ವಿಸ್ ಯಾಂತ್ರಿಕ ಗಡಿಯಾರ ಸಿಗುತ್ತದೆ. ಅದು ಎಡ್ಜ್‌ಗಿಂತ ದಪ್ಪ, ಎಡ್ಜ್‌ನಷ್ಟು ಸರಿಯಾದ ಹೊತ್ತನ್ನೂ ತೋರಿಸದು.

ಹಾಗಾದರೆ ಸಂಗ್ರಾಹಕರದು ಬರೀ ಶೋಕಿಯೇ? ಒಂದು ಪಾಲು ಹೌದು, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ತೆಳ್ಳನೆಯ ಚಿನ್ನದ ಗಡಿಯಾರ ಎಂದೂ ದುಡಿಯುವ ಕೈಯ ಗಡಿಯಾರವಾಗಿರಲಿಲ್ಲ. ಅದು ಧೂಳು ತಾಳದು, ನೀರು ತಾಳದು, ಪೆಟ್ಟು ತಾಳದು. ಅದನ್ನು ಕಟ್ಟಿದ ಕೈ ಹಾರೆ ಹಿಡಿಯುವುದಿಲ್ಲ, ಲೇತ್ ಯಂತ್ರದ ಮುಂದೆ ನಿಲ್ಲುವುದಿಲ್ಲ ಎಂದು ಅದರ ತೆಳುವೇ ಸದ್ದಿಲ್ಲದೆ ಸಾರುತ್ತದೆ. ಅಂಗಿಯ ತೋಳಿನ ಕೆಳಗೆ ಅಡಗಿರುತ್ತದೆ, ಮೆರೆಯುವುದಿಲ್ಲ, ಸೌಮ್ಯ ಎಂದು ಸಂಗ್ರಾಹಕರು ಹೊಗಳುವಾಗ ನನಗೆ ಸ್ವಲ್ಪ ಅನುಮಾನ. ಗೊತ್ತಿರುವವರಿಗಷ್ಟೇ ಗೊತ್ತಾಗಲಿ ಎನ್ನುವ ಸೌಮ್ಯತೆಯೂ ಮೆರವಣಿಗೆಯೇ, ಪ್ರೇಕ್ಷಕರು ಕಡಿಮೆ ಅಷ್ಟೆ.

ಆದರೆ ಶೋಕಿಯಿಂದ ಎಲ್ಲವನ್ನೂ ವಿವರಿಸಲಾಗದು. ಕ್ವಾರ್ಟ್ಜ್ ಬಂದ ಮೇಲೆ ಯಾಂತ್ರಿಕ ಗಡಿಯಾರದ ಕೈಯಲ್ಲಿ ಉಳಿದದ್ದೇನು ಎಂದು ನೋಡಬೇಕು. ಸರಿಯಾದ ಹೊತ್ತು ತೋರಿಸುವುದರಲ್ಲಿ ಸೋತಿತು, ಬೆಲೆಯಲ್ಲಿ ಸೋತಿತು, ತೆಳುವಿನಲ್ಲೂ ಸೋತಿತು. ಒಂದನ್ನು ಮಾತ್ರ ಕ್ವಾರ್ಟ್ಜ್ ಕಿತ್ತುಕೊಳ್ಳಲಾಗಲಿಲ್ಲ. ಯಾಂತ್ರಿಕ ಗಡಿಯಾರ ನಿಂತರೆ ಬಲ್ಲವನೊಬ್ಬ ಅದನ್ನು ಬಿಚ್ಚಬಹುದು, ತೊಳೆಯಬಹುದು, ಸವೆದ ಅಚ್ಚನ್ನು ಕಡೆದು ಹಾಕಬಹುದು, ಎಣ್ಣೆ ಬಿಟ್ಟು ಮತ್ತೆ ನಡೆಸಬಹುದು. ಐವತ್ತು ವರ್ಷದ ಮೇಲೂ, ನೂರು ವರ್ಷದ ಮೇಲೂ. ಕ್ವಾರ್ಟ್ಜ್‌ನ ಚಿಪ್ ಸುಟ್ಟರೆ, ಅದನ್ನು ಮಾಡುವವರು ಮಾಡುವುದನ್ನು ನಿಲ್ಲಿಸಿದ್ದರೆ, ಅಲ್ಲಿಗೆ ಮುಗಿಯಿತು. ತೆಳುವಿನ ಬೆಲೆ ಕಟ್ಟುವಾಗ ನಾನು ಹಿಡಿಯುವ ತಕ್ಕಡಿ ಇದು. ರಿಪೇರಿಯವನ ಮೇಜಿನ ಮೇಲೆ ಬಿಚ್ಚಿಕೊಂಡು ಮತ್ತೆ ಕೂಡಿಕೊಳ್ಳುವ ಮಟ್ಟಿಗೆ ತೆಳುವಾಗಿರುವುದು ಚೆಲುವು. ಅದನ್ನು ದಾಟಿದ ತೆಳು ಬರೀ ಅಂಕಿ.

ಈ ತಕ್ಕಡಿ ನನ್ನ ಹಳೆಯ ಮೋಹದಿಂದ ಬಂದದ್ದಲ್ಲ, ತೆಳುವಿನ ಚರಿತ್ರೆಯ ಬುಡದಲ್ಲೇ ಇದೆ. ಹದಿನೆಂಟನೆಯ ಶತಮಾನದ ಜೇಬುಗಡಿಯಾರಗಳು ಗುಂಡಗೆ, ಉಬ್ಬಿಕೊಂಡು ಇರುತ್ತಿದ್ದವು. ಎರಡು ದಪ್ಪ ತಗಡು, ನಡುವೆ ಕಂಬ, ಅವುಗಳ ನಡುವೆ ಚಕ್ರಗಳು. ಜೊತೆಗೆ ಸ್ಪ್ರಿಂಗಿನ ಬಲವನ್ನು ಸಮ ಮಾಡಲು ಶಂಕುವಿನಾಕಾರದ ರಾಟೆ, ಅದಕ್ಕೆ ಸುತ್ತಿದ ಕೂದಲಿನಂಥ ಸರಪಳಿ. ಇವೆಲ್ಲ ಸೇರಿ ಎತ್ತರ ಹೆಚ್ಚುತ್ತಿತ್ತು. 1760ರ ದಶಕದಲ್ಲಿ ಫ್ರೆಂಚ್ ಅರಮನೆಗೆ ಗಡಿಯಾರ ಮಾಡಿಕೊಡುತ್ತಿದ್ದ ಝಾನ್ ಅಂತ್ವಾನ್ ಲೆಪಿನ್ ರಾಟೆ ಸರಪಳಿಯನ್ನು ಕಿತ್ತೆಸೆದ. ಮೇಲಿನ ತಗಡನ್ನೂ ತೆಗೆದು, ಅದರ ಬದಲು ಒಂದೊಂದು ಚಕ್ರದ ಮೇಲೆ ಒಂದೊಂದು ಪುಟ್ಟ ಸೇತುವೆ ಕೂರಿಸಿದ. ಗಡಿಯಾರ ಚಪ್ಪಟೆಯಾಯಿತು, ಪ್ಯಾರಿಸಿನ ಶೋಕಿಗಾರರು ಮುಗಿಬಿದ್ದರು. ಆದರೆ ರಿಪೇರಿಯವನಿಗೆ ಸಿಕ್ಕ ಲಾಭ ಅದಕ್ಕಿಂತ ದೊಡ್ಡದು. ಅಲ್ಲಿಯವರೆಗೆ ಒಂದು ಚಕ್ರ ಕೆಟ್ಟರೂ ಮೇಲಿನ ತಗಡನ್ನಿಡೀ ಎತ್ತಬೇಕಿತ್ತು. ಎತ್ತಿದರೆ ಉಳಿದ ಚಕ್ರಗಳೂ ಬೀಳುತ್ತಿದ್ದವು. ಈಗ ಬೇಕಾದ ಚಕ್ರದ ಸೇತುವೆಯ ಸ್ಕ್ರೂ ಒಂದನ್ನೇ ಬಿಚ್ಚಿದರೆ ಸಾಕು. ಗಡಿಯಾರವನ್ನು ಮೊದಲ ಸಲ ನಿಜವಾಗಿ ತೆಳ್ಳಗೆ ಮಾಡಿದ ಕೈ ಅದನ್ನು ಬಿಚ್ಚುವುದನ್ನೂ ಸುಲಭ ಮಾಡಿತು. ಇಂದಿಗೂ ಯಾಂತ್ರಿಕ ಗಡಿಯಾರಗಳೆಲ್ಲ ಬಹುಪಾಲು ಅವನ ದಾರಿಯಲ್ಲೇ ನಡೆಯುತ್ತಿವೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ಯಾರಿಸಿನ ಎಡ್ಮಂಡ್ ಜೇಗರ್ ತಾನು ಯೋಚಿಸಿದ ತೆಳ್ಳನೆಯ ಮೂವ್‌ಮೆಂಟುಗಳನ್ನು ಮಾಡಿಕೊಡಬಲ್ಲಿರಾ ಎಂದು ಸ್ವಿಸ್ ತಯಾರಕರಿಗೆ ಸವಾಲು ಹಾಕಿದ. ಝೂರಾ ಬೆಟ್ಟಗಳ ನಡುವಣ ಕಣಿವೆಯೊಂದರಲ್ಲಿ ಕಾರ್ಖಾನೆ ಇಟ್ಟಿದ್ದ ಲೆಕೂಲ್ತ್ರ್ ಮನೆಯವರು ಅದನ್ನು ಹಿಡಿದರು. 1907ರ ಹೊತ್ತಿಗೆ ಜೇಬುಗಡಿಯಾರಕ್ಕೆ 1.38 ಮಿ.ಮೀ. ದಪ್ಪದ ಮೂವ್‌ಮೆಂಟ್ ಮಾಡಿಯೂ ತೋರಿಸಿದರು. ಮೂವ್‌ಮೆಂಟ್ ಎಂದರೆ ನಮ್ಮ ರಿಪೇರಿಯವರು ‘ಮಿಷನ್’ ಎನ್ನುವುದು, ಅಂದರೆ ಕವಚ ಗಾಜು ಬಿಟ್ಟು ಉಳಿದ ಯಂತ್ರ. 1955ರಲ್ಲಿ ವಾಷೆರೋನ್ ಕಾನ್‌ಸ್ತಾಂತಿನ್ ಕಂಪನಿ ತನ್ನ ಇನ್ನೂರನೆಯ ವರ್ಷಕ್ಕೆ 1003 ಎಂಬ 1.64 ಮಿ.ಮೀ. ಮೂವ್‌ಮೆಂಟನ್ನು ಕೈಗಡಿಯಾರಕ್ಕೆ ಬಳಸಿತು. ಎರಡು ವರ್ಷದ ಮೇಲೆ ಲಾ ಕೋಟ್ ಓ ಫೇ ಎಂಬ ಹಳ್ಳಿಯ ಪಿಯಾಜೆ ಮನೆತನ 9ಪಿ ಎಂಬ 2 ಮಿ.ಮೀ. ಮೂವ್‌ಮೆಂಟನ್ನು ಬಾಸೆಲ್ ಮೇಳಕ್ಕೆ ತಂದಿತು.

ಅಂಕಿಯ ಲೆಕ್ಕಕ್ಕೆ 9ಪಿ ವಾಷೆರೋನಿಗಿಂತ ದಪ್ಪ. ಆದರೂ ಚರಿತ್ರೆಯಲ್ಲಿ ಅದಕ್ಕೆ ತೂಕ ಹೆಚ್ಚು ಎನ್ನುವ ಪಂಗಡದವನು ನಾನು, ಯಾಕೆಂದರೆ ಪಿಯಾಜೆಯವರು ಉಳಿಸಿದ ಜಾಗವನ್ನು ಸುಮ್ಮನೆ ಬಿಡಲಿಲ್ಲ. ಮೂವ್‌ಮೆಂಟ್ ತೆಳುವಾದ್ದರಿಂದ ಅದರ ಮೇಲೆ ಲೋಹದ ಡಯಲ್ ಬದಲು ಕಲ್ಲಿನ ಹಲ್ಲೆ ಕೂರಿಸಬಹುದಾಯಿತು. ಕಲ್ಲನ್ನು ಲೋಹದಷ್ಟು ತೆಳ್ಳಗೆ ಸೀಳಲು ಬರುವುದಿಲ್ಲ, ಬಿರುಕು ಬಿಡುತ್ತದೆ. 1960ರ ದಶಕದಲ್ಲಿ ನೀಲಿ ಲಾಪಿಸ್, ಹಸಿರು ಮ್ಯಾಲಕೈಟ್, ಹುಲಿಗಣ್ಣು ಕಲ್ಲುಗಳ ಡಯಲ್‌ಗಳು ಬಂದದ್ದು ಆ ಎರಡು ಮಿಲಿಮೀಟರಿನ ಕೃಪೆಯಿಂದ. ಚಿನ್ನದ ನಾಣ್ಯವನ್ನು ಸೀಳಿ ಒಳಗೆ ಗಡಿಯಾರ ಅಡಗಿಸುವ ಆಟವೂ ಇಂಥ ಮೂವ್‌ಮೆಂಟುಗಳದೇ. ತೆಳು ಅಲ್ಲಿ ಉಳಿತಾಯದ ಹಣದಂತೆ ಕೆಲಸ ಮಾಡಿತು, ಏನನ್ನೋ ಕೊಂಡುಕೊಂಡಿತು.

ಇನ್ನೆರಡು ಖರ್ಚನ್ನೂ ಹೇಳಬೇಕು. 1967ರಲ್ಲಿ ಜೇಗರ್ ಲೆಕೂಲ್ತ್ರ್ 2.45 ಮಿ.ಮೀ. ದಪ್ಪದ ಆಟೊಮ್ಯಾಟಿಕ್ ಮೂವ್‌ಮೆಂಟ್ ಮಾಡಿತು. ಕೈ ಅಲುಗಿದಂತೆ ತಾನೇ ಕೀ ಕೊಟ್ಟುಕೊಳ್ಳುವ ಅರ್ಧಚಂದ್ರದ ತೂಕ ಅದರ ಮೇಲೆ ಪೂರ್ತಿ ಸುತ್ತು ತಿರುಗುತ್ತಿತ್ತು. ತಾರೀಖಿನ ಜೋಡಣೆ ಸೇರಿ ಅದೇ 3.05 ಮಿ.ಮೀ. ಆಗಿ 1972ರಲ್ಲಿ ಒಡೆಮಾರ್ ಪಿಗೆ ಕಂಪನಿಯ ರಾಯಲ್ ಓಕ್‌ನೊಳಗೆ ಕೂತಿತು. ಝೆರಾಲ್ಡ್ ಜೆಂಟಾ ಬರೆದ ಆ ಎಂಟು ಮೂಲೆಯ, ಸ್ಕ್ರೂ ತಲೆ ಕಾಣುವ ಉಕ್ಕಿನ ಗಡಿಯಾರ 39 ಮಿ.ಮೀ. ಅಗಲವಿದ್ದರೂ ದಪ್ಪ ಸುಮಾರು 7 ಮಾತ್ರ. ಒಳಗೆ ಮಾಮೂಲಿ ಮೂವ್‌ಮೆಂಟ್ ಇದ್ದಿದ್ದರೆ ಅದು ಡಬರಿಯ ಮುಚ್ಚಳದಂತಿರುತ್ತಿತ್ತು. ಎರಡನೆಯದು ಪಟೇಕ್ ಫಿಲಿಪ್‌ನ 240, 1977ರದು. ತೂಗುವ ತೂಕವನ್ನು ಚಕ್ರಗಳ ಮೇಲೆ ಹೇರದೆ ಅವುಗಳ ಪಕ್ಕದಲ್ಲೇ ಪುಟ್ಟದಾಗಿ ಹೂತು, ಗಾತ್ರ ಕಡಿಮೆಯಾದದ್ದನ್ನು ಭಾರದಿಂದ ತುಂಬಲು ಚಿನ್ನದಲ್ಲಿ ಮಾಡಿದರು. ಚಿನ್ನ ಶೋಕಿಗೆ ಮಾತ್ರವಲ್ಲದೆ ತೂಕಕ್ಕೂ ಬಂದ ಅಪರೂಪದ ಸಂದರ್ಭ ಇದು. ಹೀಗೆ ಉಳಿದ ಎತ್ತರದ ಮೇಲೆ 1985ರಲ್ಲಿ ಮೂವತ್ತು, ಮೂವತ್ತೊಂದು ಮತ್ತು ಅಧಿಕ ವರ್ಷದ ಫೆಬ್ರವರಿಯನ್ನೂ ತಾನೇ ಲೆಕ್ಕವಿಡುವ ಕ್ಯಾಲೆಂಡರಿನ ಹಲಗೆಯನ್ನು ಏರಿಸಿದರು. ಆಮೇಲೂ ಗಡಿಯಾರ ಅಂಗಿಯ ತೋಳಿನೊಳಗೆ ತೂರುತ್ತಿತ್ತು.

ಈಗಿನ ದಾಖಲೆಯ ಓಟ ಈ ಜಾತಿಯದಲ್ಲ. 2018ರಲ್ಲಿ ಪಿಯಾಜೆ 2 ಮಿ.ಮೀ. ದಪ್ಪದ ಇಡೀ ಗಡಿಯಾರವನ್ನು ತೋರಿಸಿದಾಗ ನನಗೂ ಮೈ ಜುಮ್ಮೆಂದಿತ್ತು. 1957ರಲ್ಲಿ ಯಂತ್ರಕ್ಕಷ್ಟೇ ಬೇಕಾಗಿದ್ದ ಎತ್ತರದಲ್ಲಿ ಈಗ ಗಾಜು ಕವಚ ಎಲ್ಲ ಹಿಡಿಸಿದ್ದವು. ಚಿನ್ನ ಬಾಗುತ್ತದೆಂದು ಕೋಬಾಲ್ಟ್ ಬೆರೆತ ಗಟ್ಟಿ ಲೋಹ ಬಳಸಿದ್ದರು. ಗಾಜಿನ ದಪ್ಪ 0.2 ಮಿ.ಮೀ., ಎರಡು ಹಾಳೆ ಕಾಗದದಷ್ಟು. 2022ರ ಮಾರ್ಚಿನಲ್ಲಿ ಬುಲ್ಗರಿ 1.80ಕ್ಕೆ ಇಳಿಸಿತು. ಮಾಡಿದ್ದು ಹತ್ತೇ ಗಡಿಯಾರ, ಒಂದಕ್ಕೆ ನಾಲ್ಕು ಲಕ್ಷ ಯೂರೊ. ನಾಲ್ಕು ತಿಂಗಳಲ್ಲಿ ರಿಚರ್ಡ್ ಮಿಲ್ ಫೆರಾರಿಯ ಹೆಸರು ಜೋಡಿಸಿ 1.75ರದನ್ನು ತಂದಿತು, ಬೆಲೆ 18 ಲಕ್ಷ ಡಾಲರಿಗಿಂತ ಹೆಚ್ಚು. 2024ರಲ್ಲಿ ಬುಲ್ಗರಿ 1.70, ಅದೇ ವರ್ಷ ಚೈಕಿನ್ 1.65. ಆರು ವರ್ಷದ ಓಟದಲ್ಲಿ ಇಳಿದದ್ದು ಒಟ್ಟು 0.35 ಮಿ.ಮೀ., ಅರ್ಧ ಎಟಿಎಂ ಕಾರ್ಡಿಗೂ ಕಡಿಮೆ. 1.80ರಿಂದ ಈಚೆಗೆ ಒಬ್ಬರಿಂದ ಒಬ್ಬರಿಗೆ ಇರುವ 0.05ರ ಅಂತರವನ್ನು ಕಣ್ಣು ಗುರುತಿಸದು, ಬೆರಳೂ ಗುರುತಿಸದು. ಪತ್ರಿಕಾ ಪ್ರಕಟಣೆ ಒಂದೇ ಅದನ್ನು ಗುರುತಿಸುವುದು.

ಹೀಗೆ ಉಳಿಸಿದ ಜಾಗದಿಂದ ಇವರು ಕೊಂಡದ್ದೇನು? ಬುಲ್ಗರಿಯ 1.80ರ ಮುಖದ ಮೇಲೆ ಕಣ್ಣಿಗೆ ಬೀಳುವ ದೊಡ್ಡ ಅಲಂಕಾರವೆಂದರೆ ಸ್ಪ್ರಿಂಗಿನ ಚಕ್ರದ ಮೇಲೆ ಕೊರೆದ ಕ್ಯೂಆರ್ ಕೋಡ್. ತರಕಾರಿ ಗಾಡಿಯ ಮೇಲೆ ನೇತಾಡುವಂಥದೇ. ಯಾವ ಮೊಬೈಲಿನಿಂದ ತಪ್ಪಿಸಿಕೊಳ್ಳಲು ಯಾಂತ್ರಿಕ ಗಡಿಯಾರವನ್ನು ಜನ ಪ್ರೀತಿಸುತ್ತಾರೋ ಅದೇ ಮೊಬೈಲಿಗೆ ಅದು ಮುಖವೊಡ್ಡಿ ಕೂತಿದೆ. ಈ ಓಟದಲ್ಲಿ ಮುಳ್ಳುಗಳು ಒಂದರ ಮೇಲೊಂದು ನಿಲ್ಲುವುದನ್ನು ಬಿಟ್ಟು ಬೇರೆ ಬೇರೆ ಮೂಲೆಗೆ ಹೋದವು. ಗುಂಡಿ ಮೊದಲು ಚಪ್ಪಟೆಯಾಯಿತು, ಕೊನೆಗೆ ಇಲ್ಲವೇ ಆಯಿತು. ಹಿಂದಿನ ತೆಳು ಗಡಿಯಾರಕ್ಕೆ ಕಲ್ಲನ್ನೋ ಕ್ಯಾಲೆಂಡರನ್ನೋ ಸೇರಿಸುವ ಅವಕಾಶ ಕೊಟ್ಟಿತ್ತು; ಈ ತೆಳು ಒಂದೊಂದಾಗಿ ಕಿತ್ತುಕೊಳ್ಳುತ್ತ ನಡೆದಿದೆ.

ಇಂಥ ಓಟ ಹಿಂದೆಯೂ ಒಮ್ಮೆ ನಡೆದಿತ್ತು. 1970ರ ದಶಕದಲ್ಲಿ ಝಾನ್ ಲಸಾಲ್ ಎಂಬ ಹೆಸರಿನಲ್ಲಿ ಬಂದ 1200 ಎಂಬ ಮೂವ್‌ಮೆಂಟಿನ ದಪ್ಪ 1.2 ಮಿ.ಮೀ. ಲೆಪಿನ್ ಕೂರಿಸಿದ್ದ ಸೇತುವೆಗಳನ್ನೇ ಅದರಲ್ಲಿ ತೆಗೆದುಹಾಕಿದ್ದರು. ಚಕ್ರಗಳನ್ನು ಒಂದೇ ಬದಿಯಿಂದ, ಸಾಸಿವೆಗಿಂತ ಎಷ್ಟೋ ಸಣ್ಣ ಗುಂಡುಗಳ ಬೇರಿಂಗ್ ಮೇಲೆ ನಿಲ್ಲಿಸಿದ್ದರು. ಬುದ್ಧಿವಂತಿಕೆಗೆ ಎರಡು ಮಾತಿಲ್ಲ. ಆದರೆ ಕೆಟ್ಟಾಗ ಬಿಚ್ಚಿ ಸರಿಪಡಿಸುವುದಕ್ಕಿಂತ ಇಡೀ ಮೂವ್‌ಮೆಂಟನ್ನೇ ಎತ್ತಿ ಬೇರೆ ಹಾಕುವುದು ವಾಡಿಕೆಯಾಯಿತು. ಬೇರೆಯದನ್ನು ಮಾಡುವುದು ನಿಂತ ಮೇಲೆ ಆ ಗಡಿಯಾರಗಳು ಕ್ವಾರ್ಟ್ಜ್‌ನ ಗತಿಗೇ ಬಂದವು. ಯಾಂತ್ರಿಕವಾಗಿದ್ದೂ ಯಾಂತ್ರಿಕದ ಒಂದೇ ಒಂದು ವರವನ್ನು ಕಳೆದುಕೊಂಡವು.

ತೆಳುವಿಗಾಗಿ ಹುಡುಕಿದ ಉಪಾಯವೇ ಬಿಚ್ಚಲಾಗದ ಗಡಿಯಾರಕ್ಕೆ ದಾರಿಯಾದ ಇನ್ನೊಂದು ಪ್ರಸಂಗವಿದೆ, ಇದು ನನಗೆ ಬಹಳ ಇಷ್ಟ. ಡೆಲಿರಿಯಂನಲ್ಲಿ ಯಂತ್ರವನ್ನು ಪ್ರತ್ಯೇಕ ತಗಡಿನ ಮೇಲೆ ಜೋಡಿಸಿ ಕವಚದೊಳಗೆ ಇಡುವ ಪದ್ಧತಿಯನ್ನೇ ಕೈಬಿಟ್ಟು, ಕವಚದ ತಳವನ್ನೇ ಅಡಿಪಾಯ ಮಾಡಿದರು. ಒಂದು ಪದರ ಪೂರ್ತಿ ಉಳಿಯಿತು. ಡೆಲಿರಿಯಂನ ಯಂತ್ರ ಮಾಡಿದ ಕಾರ್ಖಾನೆಯ ಮುಖ್ಯಸ್ಥರಾಗಿದ್ದ ಅರ್ನ್‌ಸ್ಟ್ ಟೊಮ್ಕೆ ಮತ್ತು ಅವರ ಎಂಜಿನಿಯರುಗಳು ಅದೇ ಉಪಾಯವನ್ನು ಪ್ಲಾಸ್ಟಿಕ್ಕಿಗೆ ಒಗ್ಗಿಸಿದರು. 1983ರ ಮಾರ್ಚಿನಲ್ಲಿ ಸ್ವಾಚ್ ಹುಟ್ಟಿತು. 51 ಬಿಡಿಭಾಗ, ಗಾಜನ್ನು ಕವಚಕ್ಕೆ ಬೆಸೆದುಬಿಟ್ಟಿದ್ದರಿಂದ ತೆರೆಯುವ ಮಾತೇ ಇಲ್ಲ, ಕೆಟ್ಟರೆ ಎಸೆಯುವುದು. ತೆಳುವಿಗೂ ಅದಕ್ಕೂ ಸಂಬಂಧವಿಲ್ಲ, ಅಗ್ಗಕ್ಕೆ ಸಂಬಂಧ. ಸ್ವಿಸ್ ಉದ್ಯಮವನ್ನು ಮೇಲೆತ್ತಿದ್ದು ಆ ಎಸೆಯುವ ಗಡಿಯಾರ. ಮುಂದೆ ಒಡೆಮಾರ್ ಪಿಗೆ 1986ರಲ್ಲಿ, ಪಿಯಾಜೆ 2014ರಲ್ಲಿ ಅದೇ ತಳವೇ ಅಡಿಪಾಯ ಎಂಬ ಉಪಾಯದಿಂದ ಅತಿ ತೆಳುವಾದ ಯಾಂತ್ರಿಕ ಗಡಿಯಾರಗಳನ್ನು ಮಾಡಿದವು. ಲಕ್ಷಾಂತರ ರೂಪಾಯಿಯ ಗಡಿಯಾರವೂ ಕಾಲೇಜು ಹುಡುಗರ ಪ್ಲಾಸ್ಟಿಕ್ ಗಡಿಯಾರವೂ ಹೀಗೆ ಬುಡದಲ್ಲಿ ಅಣ್ಣತಮ್ಮಂದಿರು.

ಪಿಯಾಜೆಯ 2014ರ ಗಡಿಯಾರದ ಬಗ್ಗೆ ಮಾತ್ರ ನನಗೆ ಸಿಟ್ಟಿಲ್ಲ. ಅದು 3.65 ಮಿ.ಮೀ. ಗಾಜನ್ನು ಒತ್ತಿದರೆ ಮುಳ್ಳಿಗೆ ತಾಗೀತೆಂದು ಮುಳ್ಳುಗಳನ್ನು ಸೇತುವೆಗಳಿಗಿಂತ ಕೆಳಗೆ ಇಳಿಸಿದ್ದಾರೆ. ಬಾಗಿದ ಗಾಜಿನ ಭಾರವನ್ನು ಸೇತುವೆ ಹೊತ್ತುಕೊಳ್ಳುತ್ತದೆ. ಕಟ್ಟಿಕೊಳ್ಳುವವನ ಕೈಯನ್ನು ನೆನಪಿಟ್ಟುಕೊಂಡ ಯೋಚನೆ ಇದು. ದಾಖಲೆಯನ್ನೇ ಗುರಿಯಾಗಿಟ್ಟ ಗಡಿಯಾರಗಳಲ್ಲಿ ಅಂಥ ಕೈ ನನಗೆ ಕಾಣುವುದಿಲ್ಲ, ಗಾಜಿನ ಬೀರು ಕಾಣುತ್ತದೆ.

ನನ್ನ ವಾದಕ್ಕೆ ಬಲವಾದ ಪ್ರತಿವಾದವೊಂದಿದೆ. ಇವತ್ತಿನ ಅತಿರೇಕ ನಾಳಿನ ಮಾಮೂಲು. ಲೆಪಿನ್ನನನ್ನೂ ಅವನ ಕಾಲದ ಹಿರಿಯರು ಬೈದಿರಬಹುದು. ಮಿತಿಯನ್ನು ದಾಟಿ ನೋಡದೆ ಮಿತಿ ಎಲ್ಲಿದೆ ಎಂದು ಗೊತ್ತಾಗುವುದಾದರೂ ಹೇಗೆ? ಇದರಲ್ಲಿ ಸತ್ಯವಿದೆ. ಗಟ್ಟಿ ಲೋಹಗಳನ್ನು ಕೂದಲೆಳೆಯ ಹತ್ತನೆಯ ಒಂದು ಪಾಲಿನ ನಿಖರತೆಗೆ ಕೊರೆಯುವ ವಿದ್ಯೆ ಈ ಓಟದಿಂದ ಬೆಳೆದಿದ್ದರೆ ಅದು ನಾಳೆ ಸಾಮಾನ್ಯ ಗಡಿಯಾರಕ್ಕೂ ಇಳಿದೀತು. ಆದರೆ ಅದು ತಯಾರಕರು ಓಡಬೇಕೆಂಬುದಕ್ಕೆ ಸಮರ್ಥನೆಯೇ ಹೊರತು ಸಂಗ್ರಾಹಕ ಕೊಳ್ಳಬೇಕೆಂಬುದಕ್ಕಲ್ಲ. ಪ್ರಯೋಗಶಾಲೆಯ ತುಣುಕನ್ನು ಪ್ರಯೋಗಶಾಲೆಯ ತುಣುಕೆಂದು ಕೊಂಡರೆ ಸರಿ. ಗಡಿಯಾರವೆಂದು ಕೊಂಡರೆ, ಇನ್ನಾರು ತಿಂಗಳಿಗೆ ಮತ್ತೊಬ್ಬರು 0.05 ಇಳಿಸಿದಾಗ ಕೊಂಡವನ ಕೈಯಲ್ಲಿ ಏನು ಉಳಿಯುತ್ತದೆ? 9ಪಿಯನ್ನು ಆಮೇಲೆ ಎಷ್ಟೋ ಮೂವ್‌ಮೆಂಟುಗಳು ತೆಳುವಿನಲ್ಲಿ ಮೀರಿಸಿದವು, ಅದರ ಬೆಲೆಗೆ ಕುಂದು ಬರಲಿಲ್ಲ. ಅದು ದಾಖಲೆಯ ಮೇಲೆ ನಿಂತಿರಲಿಲ್ಲ. ಇನ್ನು ಲೆಪಿನ್ನನ ಮಾತು: ಅವನ ಅತಿರೇಕ ರಿಪೇರಿಯವನ ಕೈಗೆ ಸಿಕ್ಕಿತು, ಅದಕ್ಕೇ ಮಾಮೂಲಾಯಿತು. ಲಸಾಲ್‌ನ 1200 ಸಿಗಲಿಲ್ಲ, ಆಗಲಿಲ್ಲ.

ಕೊನೆಗೆ ನನ್ನ ಸ್ವಂತದ್ದು. ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಕೈಗಡಿಯಾರ ಮಾಡಲು ಶುರುಮಾಡಿದ ಮೇಲೆ ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ಕಟ್ಟುವುದು ನಮ್ಮ ಕಡೆ ಬಲು ಬೇಗ ಪದ್ಧತಿಯಾಯಿತು. ಹೆಚ್ಚಿನವರಿಗೆ ಸಿಗುತ್ತಿದ್ದದ್ದು ಜನತಾ ಎಂಬ ಮಾದರಿ. ನಮ್ಮ ಸೋದರಮಾವನಿಗೆ ಸಿಕ್ಕಿದ್ದು ಸೋನಾ, ಎಚ್‌ಎಂಟಿಯ ಕೀ ಕೊಡುವ ಗಡಿಯಾರಗಳಲ್ಲಿ ತೆಳುವಿಗೆ ಹೆಸರಾದದ್ದು. ಸೆಕೆಂಡಿನ ಮುಳ್ಳಿಲ್ಲ, ಎರಡೇ ಮುಳ್ಳು, ಚಿನ್ನದ ಲೇಪ. ಸ್ವಿಸ್ ಲೆಕ್ಕದಲ್ಲಿ ಅದನ್ನು ಅತಿ ತೆಳು ಎಂದು ಯಾರೂ ಕರೆಯರು. ಮಾವ ಹೊಲಕ್ಕೆ ಹೋಗುವಾಗ ಅದನ್ನು ಬಿಚ್ಚಿ ದೇವರ ಗೂಡಿನಲ್ಲಿಟ್ಟು ಹೋಗುತ್ತಿದ್ದರು. ಅವರ ನಂತರ ಅದು ನನ್ನ ಕೈಗೆ ಬಂದಾಗ ನಿಂತು ಹೋಗಿತ್ತು. ಆ ಹೊತ್ತಿಗೆ ಎಚ್‌ಎಂಟಿ ಗಡಿಯಾರದ ವಿಭಾಗವನ್ನೇ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಾಗಿತ್ತು.

ಪೇಟೆಯ ಗಲ್ಲಿಯೊಂದರಲ್ಲಿ, ಮೆಟ್ಟಿಲ ಕೆಳಗಿನ ಮೂರಡಿ ಅಂಗಡಿಯಲ್ಲಿ ಕೂತ ಹಿರಿಯರು ಕಣ್ಣಿಗೆ ದುರ್ಬೀನು ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದರು. ಬಹಳ ಹೊತ್ತು ಏನೂ ಹೇಳಲಿಲ್ಲ. “ದಪ್ಪ ವಾಚಾದ್ರೆ ಸ್ಕ್ರೂ ನಮ್ಮ ಮಾತು ಕೇಳುತ್ತೆ ಸಾರ್, ಇದ್ರಲ್ಲಿ ನಾವು ಅದರ ಮಾತು ಕೇಳ್ಬೇಕು” ಎಂದರು. ಒಣಗಿದ ಎಣ್ಣೆ ಅಂಟಿನಂತಾಗಿತ್ತು. ಒಂದು ಚಕ್ರದ ಅಚ್ಚು ಸವೆದಿತ್ತು. ಮುಲಾಮಿನ ಡಬ್ಬಿಯಲ್ಲಿ ಕೂಡಿಟ್ಟಿದ್ದ ಸತ್ತ ಗಡಿಯಾರಗಳಲ್ಲಿ ಹುಡುಕಿ ಅದೇ ಅಳತೆಯದೊಂದನ್ನು ತೆಗೆದರು. ವಾರ ಬಿಟ್ಟು ಹೋದಾಗ ಗಡಿಯಾರ ನಡೆಯುತ್ತಿತ್ತು. ನಾನು ಅಲ್ಲೇ ನಿಂತು ಗುಂಡಿ ತಿರುವಲು ಹೋದೆ. ಅವರು ಕೈ ತಡೆದರು.

“ನಿಧಾನ ಸಾರ್. ಕೊನೇಲಿ ಬಿಗಿ ಆಗುತ್ತಲ್ಲ, ಅಲ್ಲಿ ನಿಲ್ಸಿ. ಅದಕ್ಕಿಂತ ಒಂದು ಸುತ್ತೂ ಬೇಡ.”